ಅರ್ಧದ ಸಾಹೇಬರು

“ನಲವತ್ತು ಬೇಕು ಸರ್,” ಎಂದಿತು ಫೋನಿನ ಆಚೆಯ ದನಿ.

“ಇಪ್ಪತ್ತು ಕಳಿಸ್ತೀನಿ,” ಎಂದರು ಜನರಲ್.

ಹೊಳೆಯಾಚೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ತಂತಿಯೊಳಗೆ ಗಾಳಿ ಹೊಕ್ಕಂಥ ಸದ್ದೊಂದೇ. ಜನರಲ್ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಮುಂದಿದ್ದ ನಕ್ಷೆಯಲ್ಲಿ ಹೊಳೆ ತಿರುಗುವ ಜಾಗವನ್ನು ಪೆನ್ಸಿಲ್ಲಿನಿಂದ ಇನ್ನೊಮ್ಮೆ ತಿದ್ದಿದರು. ಇಂಥ ಮೌನ ಅವರಿಗೆ ಹೊಸದಲ್ಲ. ಇದಾದ ಮೇಲೆ ಚೌಕಾಸಿ ಶುರುವಾಗುತ್ತದೆ. ಮೂವತ್ತೈದಾದರೂ ಕೊಡಿ ಎನ್ನುತ್ತಾರೆ, ಮೂವತ್ತಕ್ಕೆ ಇಳಿಯುತ್ತಾರೆ, ಗೊಣಗುತ್ತ ಇಪ್ಪತ್ತೈದಕ್ಕೆ ಒಪ್ಪುತ್ತಾರೆ.

“ಆಯ್ತು ಸರ್,” ಎಂದಿತು ದನಿ. ಲೈನು ನಿಂತಿತು.

“ಅಷ್ಟೇನಾ?” ಎಂದ, ಕಿಟಕಿಯ ಹತ್ತಿರ ಕೂತಿದ್ದ ಸರಬರಾಜಿನ ಅಧಿಕಾರಿ. ದುಂಡು ಮೈಯ, ಯಾವಾಗಲೂ ಏನಾದರೊಂದು ಜಗಿಯುತ್ತಿರುವ ಮನುಷ್ಯ. “ಒಂದೇ ಮಾತಿಗೆ ಒಪ್ಕೊಂಡುಬಿಟ್ರಾ? ಹಾಗಿದ್ರೆ ಹದಿನೈದು ಅನ್ನಬಹುದಿತ್ತು ಸರ್. ಮೋಸ ಹೋದ್ವಿ.”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಜನರಲ್ ಕೂಡ ಮೀಸೆಯಡಿಯಲ್ಲಿ ನಕ್ಕರು. ಬಹಳ ದಿನಗಳ ಮೇಲೆ ಆ ಕೋಣೆಯಲ್ಲಿ ಕೇಳಿಸಿದ ನಗು ಅದು.

ಡಿವಿಜನ್ನಿನ ಕಚೇರಿ ಆಗ ಒಂದು ದನದ ಆಸ್ಪತ್ರೆಯಲ್ಲಿತ್ತು. ವೈದ್ಯರೂ ಇಲ್ಲ, ದನಗಳೂ ಇಲ್ಲ. ಫಿನಾಯಿಲಿನ ವಾಸನೆ ಮಾತ್ರ ಉಳಿದುಕೊಂಡಿತ್ತು. ಹಸುಗಳನ್ನು ಮಲಗಿಸುವ ಉಕ್ಕಿನ ಮೇಜಿನ ಮೇಲೆ ನಕ್ಷೆ ಹಾಸಿದ್ದರು. ದನ ಕಟ್ಟುವ ಕಬ್ಬಿಣದ ಬಳೆಗಳಿಗೆ ಅಧಿಕಾರಿಗಳ ಚೀಲಗಳೂ ನೀರಿನ ಬಾಟಲಿಗಳೂ ಜೋತುಬಿದ್ದಿದ್ದವು. ಕುದುರೆಯ ವಯಸ್ಸನ್ನು ಹಲ್ಲಿನಿಂದ ಗುರುತಿಸುವುದು ಹೇಗೆಂದು ತೋರಿಸುವ ಚಿತ್ರಪಟವೊಂದು ಗೋಡೆಯ ಮೇಲೆ ಹಾಗೇ ಇತ್ತು.

ಸೈನ್ಯದಲ್ಲಿ ಯಾರೂ ತಮಗೆ ಬೇಕಾದಷ್ಟನ್ನೇ ಕೇಳುವುದಿಲ್ಲ. ಐದು ಕಂಬಳಿ ಬೇಕಾದವನು ಹತ್ತು ಕೇಳುತ್ತಾನೆ. ಮೇಲಿನವನಿಗೆ ಅದು ಗೊತ್ತು. ಅವನು ಅರ್ಧ ಮಾಡುತ್ತಾನೆ. ಅರ್ಧ ಮಾಡುತ್ತಾನೆಂದು ಕೆಳಗಿನವನಿಗೆ ಗೊತ್ತಿರುವುದರಿಂದಲೇ ಅವನು ಹತ್ತು ಕೇಳಿರುತ್ತಾನೆ. ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ‘ಗಾಳಿ ತುಂಬೋದು’ ಎನ್ನುತ್ತಾರೆ. ತುಂಬುವುದು ಕೆಳಗಿನವರ ಕೆಲಸ, ಬಿಡುವುದು ಮೇಲಿನವರ ಕೆಲಸ. ಈ ಬಿಡುವ ಕೆಲಸದಲ್ಲಿ ಜನರಲ್ಲರನ್ನು ಮೀರಿಸುವವರು ಇರಲಿಲ್ಲ. ಕ್ಯಾಪ್ಟನ್ ಆಗಿದ್ದಾಗಲೇ, ಕೇಳುವವನ ದನಿಯ ಏರಿಳಿತದಲ್ಲೇ ಗಾಳಿ ಎಷ್ಟು, ಹುರುಳೆಷ್ಟು ಎಂದು ಅಳೆದುಬಿಡುತ್ತಿದ್ದರು. ಕ್ರಮೇಣ ದನಿಯನ್ನು ಕೇಳುವುದನ್ನೂ ಬಿಟ್ಟು ಎಲ್ಲವನ್ನೂ ಎರಡರಿಂದ ಭಾಗಿಸತೊಡಗಿದರು. ಆಶ್ಚರ್ಯವೆಂದರೆ ಲೆಕ್ಕ ಆಗಲೂ ತಪ್ಪುತ್ತಿರಲಿಲ್ಲ. ಜವಾನರು ಅವರನ್ನು ಹಿಂದಿನಿಂದ ‘ಅರ್ಧದ ಸಾಹೇಬ್ರು’ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೆ ಹಿಡಿಸಿತ್ತು ಕೂಡ. ಮನೆಯಲ್ಲಿ ಅವರ ಹೆಂಡತಿ ನಾಲ್ಕು ಕಿಟಕಿಗೆ ಪರದೆ ಹೊಲಿಸಬೇಕಾದರೆ ಎಂಟು ಕಿಟಕಿಯ ಲೆಕ್ಕ ಕೊಡುತ್ತಿದ್ದರು. “ನಾಲ್ಕು ಅಂದಿದ್ರೆ ಎರಡು ಕಿಟಕಿ ಬರಿದೇ ಇರ್ತಿತ್ತು,” ಎಂದು ನೆಂಟರ ಮುಂದೆ ಛೇಡಿಸುತ್ತಿದ್ದರು.

ಈ ಯುದ್ಧದಲ್ಲಿ ಸೈನ್ಯ ಹಿಂದೆ ಹಿಂದೆ ಬಂದಂತೆಲ್ಲ ಅವರು ಮೇಲೆ ಮೇಲೆ ಹೋಗಿದ್ದರು. ಗಡಿಯಿಂದ ಹಿಂದೆ ಸರಿದಾಗ ಉಳಿದವರು ತೋಪು, ಲಾರಿ, ಅಡುಗೆಯ ಹಂಡೆಗಳನ್ನೂ ಬಿಟ್ಟು ಓಡಿಬಂದಿದ್ದರು. ಇವರ ಬ್ರಿಗೇಡು ಮಾತ್ರ ಮದುವೆಯ ದಿಬ್ಬಣದ ಹಾಗೆ ಸಾಲು ತಪ್ಪದೆ ಬಂದಿತ್ತು. ಅದಕ್ಕೆ ಒಂದು ಪದಕ. ಗುಡ್ಡಗಳ ಸಾಲನ್ನು ಬಿಟ್ಟುಕೊಟ್ಟಾಗ ಡಿವಿಜನ್ ಸಿಕ್ಕಿತು. ಗೆದ್ದ ಸುದ್ದಿ ಕೊಡಲು ಏನೂ ಇಲ್ಲದ ದೇಶಕ್ಕೆ ಅಚ್ಚುಕಟ್ಟಾಗಿ ಸೋಲುವವನೊಬ್ಬ ಬೇಕಾಗಿದ್ದ. ಈಗ ಹೊಳೆ ದಾಟಿ ಬಂದಾಗಿದೆ. ಆಚೆ ದಡದಲ್ಲಿ ಉಳಿದಿರುವುದು ಒಂದೇ ಬೆಟಾಲಿಯನ್. ಸೇತುವೆ ಸಿಡಿಯುವ ತನಕ ಶತ್ರುವನ್ನು ತಡೆದು, ಆಮೇಲೆ ದೋಣಿಗಳಲ್ಲಿ ಈಚೆಗೆ ಬರಬೇಕಾದವರು. ಅವರಿಗೆ ಬೇಕಾದ ದೋಣಿಗಳ ಮಾತೇ ಈಗ ಮುಗಿದದ್ದು. ಫೋನಿನಲ್ಲಿ ನಲವತ್ತು ಕೇಳಿದವನು ಆ ಬೆಟಾಲಿಯನ್ನಿನ ಕರ್ನಲ್, ಜನರಲ್ಲರ ಹೆಂಡತಿಯ ತಮ್ಮ.

ಹಾಗಾಗಿಯೇ ಅರ್ಧ ಮಾಡುವಾಗ ಅವರು ತುಸು ಗಟ್ಟಿಯಾಗಿಯೇ ಮಾತಾಡಿದ್ದರು. ಭಾವಮೈದುನನಿಗೆ ಬೇರೆ ತಕ್ಕಡಿ ಎಂದು ಕೋಣೆಯಲ್ಲಿ ಯಾರಿಗೂ ಅನ್ನಿಸಬಾರದಿತ್ತು.

ಆ ರಾತ್ರಿ ಸೇತುವೆ ಹೇಳಿದ ಹೊತ್ತಿಗೇ ಸಿಡಿಯಿತು. ಬೆಳಿಗ್ಗೆ ಜನರಲ್ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಆ ಬೆಟಾಲಿಯನ್ನಿನ ಮೇಜರ್ ಬಂದು ಬಾಗಿಲಲ್ಲಿ ನಿಂತ. ಸೊಂಟದವರೆಗೆ ಒದ್ದೆ. ಒಂದು ಕಾಲಲ್ಲಿ ಬೂಟಿಲ್ಲ. ಸೆಲ್ಯೂಟ್ ಹೊಡೆದ ಕೈ ಕೆಳಗಿಳಿಯುವುದನ್ನೇ ಮರೆತಂತಿತ್ತು.

“ಬಾ ಬಾ. ಕೂತ್ಕೋ. ಎಲ್ಲಾ ಬಂದ್ರಾ?”

“ಇನ್ನೂರು ಜನ ಬಂದ್ವಿ ಸರ್.”

“ಉಳಿದವರು?”

“ದೋಣಿಗೆ ಕಾಯ್ತಿದ್ದಾರೆ.”

ಜನರಲ್ ಮುಖದ ಮೇಲಿದ್ದ ಸೋಪನ್ನು ಟವೆಲಿನಿಂದ ಒರೆಸಿಕೊಂಡರು. “ಕಾಯೋದ್ಯಾಕೆ? ಅವೇ ದೋಣಿ ವಾಪಸ್ ಹೋಗ್ಬೇಕಿತ್ತಲ್ಲ.”

“ಹೋದ್ವು ಸರ್. ಹೊಳೆ ಎಳ್ಕೊಂಡು ಹೋಗಿ ನಮ್ಮನ್ನ ಕೆಳಗಡೆ ತಿರುವಿನಲ್ಲಿ ದಡ ಹತ್ತಿಸ್ತು. ಅಲ್ಲಿಂದ ದೋಣಿಗಳನ್ನ ಹೆಗಲ ಮೇಲೆ ಹೊತ್ಕೊಂಡು ಮೇಲಕ್ಕೆ ತರೋ ಹೊತ್ತಿಗೆ ಬೆಳಕು ಹರೀತು. ನೀರಿಗಿಳಿಸಿದ್ವಿ. ಅರ್ಧ ಹೊಳೆ ದಾಟಿಲ್ಲ, ಅವರ ಮೆಷಿನ್‌ಗನ್ನು...” ಮೇಜರ್ ಮಾತು ನಿಲ್ಲಿಸಿ, ಕೈಯನ್ನು ಕತ್ತರಿಯಂತೆ ಆಡಿಸಿ ತೋರಿಸಿದ. “ಕ್ಯಾನ್ವಾಸ್ ದೋಣಿ ಅಲ್ವಾ ಸರ್. ಒಂದೂ ಉಳೀಲಿಲ್ಲ.”

“ಮತ್ತೆ ಎರಡನೇ ಸಲ ಆಗಲ್ಲ ಅಂತ ನಿಮಗೆ ಮೊದಲೇ ಗೊತ್ತಿರಲಿಲ್ವೇನಯ್ಯಾ?”

“ಗೊತ್ತಿತ್ತು ಸರ್. ಅದಕ್ಕೇ ನಲವತ್ತು ಕೇಳಿದ್ದು. ನಾನೂರು ಜನ, ದೋಣಿಗೆ ಹತ್ತು ಜನ, ಒಂದೇ ಸಲ.”

ಕೋಣೆಯಲ್ಲಿ ಯಾರೋ ಟೈಪ್ ಮಾಡುತ್ತಿದ್ದುದನ್ನು ನಿಲ್ಲಿಸಿದರು. ಸರಬರಾಜಿನ ಅಧಿಕಾರಿ ಜಗಿಯುವುದನ್ನು ನಿಲ್ಲಿಸಿದ.

“ನಾವೆಲ್ಲ ಹೇಳಿದ್ವಿ ಸರ್,” ಎಂದ ಮೇಜರ್. ದೂರುವ ದನಿಯೇ ಅಲ್ಲ ಅದು, ಬರೀ ವರದಿ. “ಎಂಬತ್ತು ಕೇಳಿ ಅಂತ. ಕರ್ನಲ್ ನಕ್ಕುಬಿಟ್ರು. ‘ಭಾವನ ಹತ್ರ ಆ ಆಟ ಬೇಡ. ನನ್ನ ಲೆಕ್ಕಕ್ಕೆ ಅವರು ಕತ್ತರಿ ಹಾಕಲ್ಲ, ನಂಗೆ ಮಾತು ಕೊಟ್ಟಿದ್ದಾರೆ’ ಅಂದ್ರು. ನೀವು ಇಪ್ಪತ್ತು ಅಂದಾಗಲೂ, ಅವರ ಹತ್ರ ಇರೋದೇ ಇಪ್ಪತ್ತು ಅಂತ ಕಾಣುತ್ತೆ ಕಣ್ರೋ, ಇದ್ದಿದ್ರೆ ಕೊಡ್ತಿದ್ರು, ಅಂದ್ರು.”

ಮಿಕ್ಕ ಇಪ್ಪತ್ತು ದೋಣಿಗಳು ಹಿಂದಿನ ಸಂಜೆ ಆಸ್ಪತ್ರೆಯ ಹಿಂದೆ, ದನಗಳ ನೆರಳಿಗೆ ಹಾಕಿದ್ದ ತಗಡಿನ ಚಪ್ಪರದಡಿಯಲ್ಲೇ ಇದ್ದವು. ಲಾರಿಗಳು ಸೇನಾ ಪ್ರಧಾನ ಕಚೇರಿಯ ಅಪ್ಪಣೆಯಂತೆ ರಾತ್ರಿಯೇ ಅವುಗಳನ್ನು ಬೆನ್ನ ಹಿಂದಿದ್ದ ಇನ್ನೊಂದು ನದಿಗೆ ಸಾಗಿಸಿದ್ದವು.

ಮಾತು ಕೊಟ್ಟದ್ದು ನಿಜ. ಭಾವಮೈದುನ ಆಗಷ್ಟೇ ಲೆಫ್ಟಿನೆಂಟ್ ಆಗಿ, ರಜೆಯಲ್ಲಿ ಅಕ್ಕನ ಮನೆಗೆ ಬಂದಿದ್ದ. ಊಟದ ಮೇಜಿನಲ್ಲಿ ಅವನಿಗೆ ಗಾಳಿ ತುಂಬುವ ವಿದ್ಯೆಯನ್ನೆಲ್ಲ ವಿವರಿಸಿ, “ಊರೆಲ್ಲ ಹಾಗೇ ಮಾಡ್ಲಿ, ನೀನು ಮಾತ್ರ ನನ್ನ ಹತ್ರ ಇದ್ದದ್ದು ಇದ್ದ ಹಾಗೆ ಹೇಳು. ನಿನ್ನದನ್ನ ನಾನು ಮುಟ್ಟಲ್ಲ,” ಎಂದಿದ್ದರು. ಊಟವಾದ ಮೇಲೆ ಆಡಿದ ಮಾತು. ಕೈ ತೊಳೆದುಕೊಂಡು ಎದ್ದಾಗಲೇ ಅವರಿಗೆ ಮರೆತುಹೋಗಿತ್ತು.

“ಈಗ ಹೇಗಿದ್ದಾರೆ?” ಎಂದರು ಜನರಲ್.

“ದಡದ ಏರಿ ಅಡ್ಡ ಇದೆ ಸರ್, ಅದರ ಮರೆಯಲ್ಲಿದ್ದಾರೆ. ಮೇಲೆ ಇಟ್ಟಿಗೆ ಗೂಡಿನಲ್ಲಿ ಕೆಲವರು ತಡೆದು ನಿಂತಿದ್ದಾರೆ. ಗುಂಡು ಇವತ್ತಿಗೆ ಸಾಕಾದ್ರೆ ಹೆಚ್ಚು. ಶತ್ರುಗಳು ಬೆಳಿಗ್ಗೆಯಿಂದ ಮೈಕಿನಲ್ಲಿ ಕೂಗ್ತಿದ್ದಾರೆ. ಕತ್ತಲಾಗೋದ್ರೊಳಗೆ ಕೈ ಎತ್ತಿ ಬಂದ್ರೆ ಜೀವಕ್ಕೆ ಏನೂ ಮಾಡಲ್ಲ, ಆಮೇಲೆ ಬಂದ್ರೆ ಒಬ್ಬರನ್ನೂ ಬಿಡಲ್ಲ ಅಂತ.” ಮೇಜರ್ ಮೊದಲ ಬಾರಿಗೆ ಜನರಲ್ಲರ ಮುಖ ನೋಡಿದ. “ದೋಣಿ ಇದೆಯೋ ಇಲ್ವೋ ಗೊತ್ತಾದ್ರೆ ನಾನು ತೀರ್ಮಾನ ಮಾಡ್ತೀನಿ ಅಂತ ಕರ್ನಲ್ ವೈರ್‌ಲೆಸ್ಸಿನಲ್ಲಿ ಹೇಳಿದ್ದಾರೆ. ಇಲ್ಲ ಅನ್ನೋದಾದ್ರೆ ಇಲ್ಲ ಅಂತ ಹೇಳಿಬಿಡಿ ಸರ್. ಸೆರೆ ಹೋದ್ರೂ ಉಳ್ಕೋತಾರೆ.”

ಸೈನ್ಯದ ಆ ಭಾಗಕ್ಕೆಲ್ಲ ಹಿರಿಯನಾದ ಕಮಾಂಡರನ್ನು ಅಧಿಕಾರಿಗಳು ‘ದೊಡ್ಡಪ್ಪ’ ಎನ್ನುತ್ತಿದ್ದರು. ದೊಡ್ಡಪ್ಪನಿಗೆ ಫೋನು ಹಚ್ಚುವ ಮೊದಲು ಜನರಲ್ ಲೆಕ್ಕ ಹಾಕಿದರು. ಬೇಕಾದದ್ದು ಇಪ್ಪತ್ತು ದೋಣಿ. ಇಪ್ಪತ್ತು ಎಂದರೆ ಎಷ್ಟು ಸಿಗುತ್ತದೆ ಎಂಬುದು ಅವರಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ.

“ನಲವತ್ತು ದೋಣಿ ಬೇಕು ಸರ್. ಇವತ್ತೇ,” ಎಂದರು. ತಮ್ಮ ದನಿ ಗಾಳಿ ತುಂಬುವವರ ದನಿಯ ಹಾಗೆಯೇ ತುಸು ಮೇಲೇರಿದ್ದು ಅವರಿಗೇ ಕೇಳಿಸಿತು.

ದೊಡ್ಡಪ್ಪ ಹೊಟ್ಟೆ ತುಂಬ ನಕ್ಕರು. “ಅಯ್ಯೋ ನಿನ್ನ! ನೀನೂ ಶುರು ಮಾಡಿದ್ಯಾ? ಗಾಳಿ ತುಂಬದೋನು ಜಗತ್ತಿನಲ್ಲಿ ಒಬ್ಬನಾದ್ರೂ ಇದ್ದಾನೆ ಅಂದ್ಕೊಂಡಿದ್ದೆನಲ್ಲೋ. ಎಷ್ಟು ಜನ ಇದ್ದಾರೆ ಅಲ್ಲಿ?”

“ಇನ್ನೂರು.”

“ಅಂದ್ರೆ ನೂರು.”

“ಇಲ್ಲ ಸರ್, ಇನ್ನೂರೇ. ನಿಜವಾಗ್ಲೂ ಇನ್ನೂರು.”

“ಆಯ್ತಪ್ಪಾ, ನೂರೈವತ್ತು ಅನ್ಕೋ. ನೋಡು, ಇನ್ನೆರಡು ದಿನಕ್ಕೆ ಇಡೀ ಸೈನ್ಯ ಹಿಂದಿನ ನದಿ ದಾಟಬೇಕು. ಒಂದು ದೋಣಿ ಕೂಡ ನಾನು ಮುಂದಕ್ಕೆ ಕಳಿಸೋ ಹಾಗಿಲ್ಲ. ನಿನ್ನ ಜಾಗದಲ್ಲಿ ನಾನಿದ್ರೂ ಕೇಳ್ತಿದ್ದೆ, ನನ್ನ ಜಾಗದಲ್ಲಿ ನೀನಿದ್ರೂ ಕೊಡ್ತಿರಲಿಲ್ಲ. ಹೌದೋ ಅಲ್ವೋ?”

ಅದು ಹೌದಾಗಿತ್ತು.

“ಇನ್ನೊಂದು ವಿಷಯ. ಅವರು ಅಲ್ಲಿ ನಾಳೆ ಬೆಳಗ್ಗೆ ತನಕ ನಿಂತ್ಕೊಂಡ್ರೆ ಆ ದಡ ಅಷ್ಟು ಹೊತ್ತು ಶತ್ರು ಕೈಗೆ ಸಿಗಲ್ಲ. ನಮಗೆ ಒಂದೊಂದು ಗಂಟೇನೂ ಬೇಕು. ದೋಣಿ ಇಲ್ಲ ಅಂತ ಗೊತ್ತಾದ್ರೆ ಯಾರು ನಿಲ್ತಾರೆ? ಅದಕ್ಕೇ, ಇಲ್ಲ ಅನ್ನಬೇಡ. ಇದು ಅಪ್ಪಣೆ ಅಂತ್ಲೇ ತಿಳ್ಕೋ.”

“ಸರ್, ಅಲ್ಲಿರೋ ಕರ್ನಲ್...”

“ನಿನ್ನ ಭಾವಮೈದ, ಗೊತ್ತು. ಒಳ್ಳೆ ಆಫೀಸರ್. ಮನಸ್ಸಿಗೆ ಹಚ್ಕೋಬೇಡ. ನಾಳೆ ನೀನು ಇಲ್ಲಿಗೆ ಹೊರಟು ಬಾ. ಇಡೀ ಸೈನ್ಯದ ಸರಬರಾಜು ನಿನ್ನ ಕೈಗೆ ಕೊಡ್ತಿದ್ದೀವಿ. ಈ ಹಿಮ್ಮೆಟ್ಟೋದ್ರಲ್ಲಿ ಹತ್ತು ಸಾವಿರ ಜನರನ್ನ ಇಟ್ಕೊಂಡು ಇನ್ನೂರು ಕಳ್ಕೊಂಡವನು ನೀನೊಬ್ಬನೇ. ಬೇರೆಯವರ ಲೆಕ್ಕ ಕೇಳಿದ್ರೆ ಅಳು ಬರುತ್ತೆ.”

ಇನ್ನೂರು ಎನ್ನುವಾಗ ದೊಡ್ಡಪ್ಪ ಅದನ್ನು ಅರ್ಧ ಮಾಡಿರಲಿಲ್ಲ.

ಫೋನು ಇಟ್ಟು ಕೈ ತೆಗೆಯುವ ಮೊದಲೇ ಅದು ಮತ್ತೆ ಹೊಡೆದುಕೊಂಡಿತು. ಈ ಸಲ ಮನೆಯಿಂದ ಹೆಂಡತಿ. ದೊಡ್ಡಪ್ಪನ ಹೆಂಡತಿ ಅವರಿಗೆ ಬೆಳಿಗ್ಗೆಯೇ ಬಡ್ತಿಯ ಸುದ್ದಿ ಮುಟ್ಟಿಸಿದ್ದರು.

“ನಿಮ್ಮ ಬಾಯಲ್ಲಿ ಕೇಳೋ ಭಾಗ್ಯ ಅಂತೂ ನನಗಿಲ್ಲ. ಊರವರೆಲ್ಲ ಹೇಳಿದ ಮೇಲೆ ನನಗೆ ಗೊತ್ತಾಗ್ಬೇಕು. ದೊಡ್ಡ ಮನೆ ಕೊಡ್ತಾರಂತೆ. ಎಷ್ಟು ಕಿಟಕಿ ಇವೆ ಅಂತ ಈಗಲೇ ಕೇಳಿಟ್ಕೊಳ್ಳಿ, ನಾನು ಎರಡರಷ್ಟು ಹೇಳೋಕೆ ಅನುಕೂಲ ಆಗುತ್ತೆ.” ಅವರು ತಮ್ಮ ಮಾತಿಗೆ ತಾವೇ ನಕ್ಕು, ಆಮೇಲೆ ದನಿ ತಗ್ಗಿಸಿದರು. “ಅವನು ದಾಟಿದ್ನಾ?”

“ಬರ್ತಿದ್ದಾನೆ.”

“ಬಂದ ಅಂತ ಹೇಳಿ, ಬರ್ತಿದ್ದಾನೆ ಅನ್ನಬೇಡಿ. ನನ್ನೆದೆ ಹೊಡ್ಕೊಳ್ತಿದೆ.”

“ಹಿಂದಿನ ಗುಂಪಿನ ಜೊತೆ ಬರ್ತಾನೆ. ಕರ್ನಲ್ ಅಲ್ವಾ, ಕೊನೇಲೇ ಬರೋದು.”

“ನೀವು ನೋಡ್ಕೋತೀರಲ್ಲ, ಅದೇ ಧೈರ್ಯ ನನಗೆ. ಬಂದ ತಕ್ಷಣ ಒಣಗಿದ ಬಟ್ಟೆ ಹಾಕ್ಕೊಳ್ಳೋಕೆ ಹೇಳಿ. ಅವನಿಗೆ ಬೇಗ ಕೆಮ್ಮು ಹತ್ತುತ್ತೆ.”

ಮಧ್ಯಾಹ್ನ ಇಳಿಯುವ ಹೊತ್ತಿಗೆ ಜನರಲ್ ಜೀಪಿನಲ್ಲಿ ಹೊಳೆಯ ಕಡೆ ಹೊರಟರು. ಮೇಜರ್ ಯಾರದ್ದೋ ಬೂಟು ಹಾಕಿಕೊಂಡು ಹಿಂದೆ ಕೂತಿದ್ದ. ರಸ್ತೆಯುದ್ದಕ್ಕೂ ಹಿಂದೆ ಹೋಗುವ ಲಾರಿಗಳು. ಜನರಲ್ಲರ ಬಾವುಟ ಕಂಡು ಎಲ್ಲವೂ ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಆ ದಿಕ್ಕಿಗೆ ಹೋಗುತ್ತಿದ್ದ ಗಾಡಿ ಅದೊಂದೇ.

ಈಚೆ ದಡದ ಪಂಪ್‌ಹೌಸಿನಲ್ಲಿ ವೈರ್‌ಲೆಸ್ ಇಟ್ಟಿದ್ದರು. ಮುರಿದ ಕಿಟಕಿಯಿಂದ ಹೊಳೆ ಕಾಣುತ್ತಿತ್ತು, ಕೆಂಪಗೆ, ಮೈತುಂಬಿಕೊಂಡು. ನಡುವೆ ಸೇತುವೆಯ ಕಂಬಗಳು. ಆಚೆ ದಡದಲ್ಲಿ ಉದ್ದನೆಯ ಮಣ್ಣಿನ ಏರಿ. ಏರಿಯ ಈಚೆ, ನೀರಿನ ಅಂಚಿಗೆ, ಜೊಂಡಿನ ನಡುವೆ ಜನ. ಅವರ ಮೇಲೆ ಇಟ್ಟಿಗೆ ಗೂಡಿನ ಚಿಮಣಿ. ಎಲ್ಲೋ ಹಿಂದಿನಿಂದ ಮೈಕಿನ ದನಿ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ಸಂತೆಯಲ್ಲಿ ಮಾಲು ಕೂಗುವವನ ರಾಗ ಮಾತ್ರ ತಿಳಿಯುತ್ತಿತ್ತು.

“ಸಾಹೇಬ್ರು ಬಂದಿದ್ದಾರೆ,” ಎಂದು ಆಚೆಗೆ ತಿಳಿಸಿ ವೈರ್‌ಲೆಸ್ಸಿನವನು ರಿಸೀವರ್ ಕೊಟ್ಟ.

“ಸರ್.” ದನಿ ಸವೆದಿತ್ತು. ಬ್ಯಾಟರಿಯದೋ ಮನುಷ್ಯನದೋ ತಿಳಿಯಲಿಲ್ಲ.

“ಹೇಗಿದ್ದೀಯ?”

“ಪರವಾಗಿಲ್ಲ. ನೂರ ತೊಂಬತ್ತು ಜನ ಇದ್ದೀವಿ. ಮೂವತ್ತು ಜನಕ್ಕೆ ಗಾಯ. ಸರ್, ಬ್ಯಾಟರಿ ಮುಗೀತಿದೆ, ಅದಕ್ಕೆ ನೇರ ಕೇಳ್ತೀನಿ. ದೋಣಿ ಎಷ್ಟು ಬರ್ತವೆ?”

ಜನರಲ್ ಮೇಜರನ ಕಡೆ ನೋಡಿದರು. ಅವನು ಮುಖ ತಿರುಗಿಸಲಿಲ್ಲ. ಬರುವಾಗ ಜೀಪಿನಲ್ಲಿ ಅವರು ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದರು: ದೋಣಿ ಇಲ್ಲ, ಬಿಳಿ ಬಟ್ಟೆ ಹಿಡಿ, ತಪ್ಪು ನನ್ನದು. ಬಹಳ ಚಿಕ್ಕ ಮಾತುಗಳು. ದೊಡ್ಡಪ್ಪ ಏನು ಮಾಡಿಯಾರು? ಹೆಚ್ಚೆಂದರೆ ಭುಜದ ಪಟ್ಟಿ ಕಿತ್ತುಕೊಂಡು ಮನೆಗೆ ಕಳಿಸಿಯಾರು. ಮನೆ ಎಂದಾಗ ಹೆಂಡತಿ ಕಣ್ಣ ಮುಂದೆ ಬಂದರು, ಇಷ್ಟು ವರ್ಷದ ಸೇವೆ ಬಂತು, ಹತ್ತು ಸಾವಿರದಲ್ಲಿ ಇನ್ನೂರು ಎಂಬುದು ಬಂತು. ಕಿವಿಯಲ್ಲಿ ಭಾವಮೈದುನನ ಉಸಿರು ಕಾಯುತ್ತಿತ್ತು.

“ಹತ್ತು,” ಎಂದರು ಜನರಲ್.

ಬೇಕಾಗಿದ್ದದ್ದು ಇಪ್ಪತ್ತು. ನಾಲಿಗೆ ತಾನಾಗಿಯೇ ಅದನ್ನು ಅರ್ಧ ಮಾಡಿತ್ತು.

ಮೇಜರ್ ಕಣ್ಣು ಮುಚ್ಚಿಕೊಂಡ.

“ಹತ್ತು,” ಎಂದಿತು ಆಚೆಯ ದನಿ. ಅದರಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಇಪ್ಪತ್ತು ಎಂದಿದ್ದರೆ ಇರುತ್ತಿತ್ತೇನೋ. “ಹತ್ತಕ್ಕೆ ನೂರು ಜನ. ಗಾಯ ಆದವರು ಮೊದಲು. ಆಮೇಲೆ ಮನೇಲಿ ಮಕ್ಕಳಿರೋರು. ಉಳಿದವರು ಗೂಡಿನಲ್ಲಿ ತಡೀತೀವಿ. ಮೈಕಿನವರಿಗೆ ಆಗಲ್ಲ ಅಂತ ಹೇಳಿಬಿಡ್ತೀನಿ. ಕತ್ತಲಾದ ಮೇಲೆ ತಾನೇ?”

“ಹ್ಞೂಂ. ಕತ್ತಲಾದ ಮೇಲೆ.”

“ನಿಮ್ಮನ್ನ ಬೈಕೊಂಡ್ವಿ ಬೆಳಿಗ್ಗೆ ಎಲ್ಲಾರೂ ಸೇರಿ. ಮನಸ್ಸಿಗೆ ಹಚ್ಕೋಬೇಡಿ ಭಾವ,” ಎಂದ ಕರ್ನಲ್. “ಅಕ್ಕನಿಗೆ...” ಅಲ್ಲಿಗೆ ಬ್ಯಾಟರಿ ಮುಗಿಯಿತು.

ವೈರ್‌ಲೆಸ್ಸಿನವನು ಗುಂಡಿಗಳನ್ನು ತಿರುವಿದ, ತಿರುವಿದ, ಆಮೇಲೆ ಹೆಡ್‌ಫೋನ್ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಮೇಜರ್ ಹೊರಗೆ ಹೋಗಿ ಪಂಪ್‌ಹೌಸಿನ ಗೋಡೆಗೆ ಬೆನ್ನು ಕೊಟ್ಟು ಕೂತ. ಕೂಗಿ ಹೇಳಲು ಹೊಳೆ ಅಗಲವಾಗಿತ್ತು. ಈಜಿ ಹೇಳಲು ಯಾರೂ ಇರಲಿಲ್ಲ.

ಜನರಲ್ ದುರ್ಬೀನು ಎತ್ತಿದರು. ಮೊದಲು ಜೊಂಡಷ್ಟೇ ಕಂಡಿತು. ಆಮೇಲೆ ಟೋಪಿಯಿಲ್ಲದ ಮನುಷ್ಯನೊಬ್ಬ ಏರಿಯ ಬುಡದಲ್ಲಿ ಅತ್ತಿತ್ತ ಓಡಾಡುತ್ತಿದ್ದುದು ಕಂಡಿತು. ನಡಿಗೆಯಿಂದಲೇ ಗುರುತು ಹತ್ತಿತು. ಅವನು ಕೈಯಲ್ಲಿ ಕೋಲೊಂದನ್ನು ಹಿಡಿದು ಮರಳಿನ ಮೇಲೆ ಗೆರೆ ಎಳೆಯುತ್ತ ಹೋದ. ಒಂದೊಂದು ಗೆರೆಯ ಹಿಂದೆ ಒಂದೊಂದು ಸಾಲು ಕೂತಿತು. ಗಾಯಗೊಂಡವರನ್ನು ಎತ್ತಿ ತಂದು ಮುಂದಿನ ಸಾಲುಗಳಲ್ಲಿ ಮಲಗಿಸಿದರು. ಹತ್ತು ಸಾಲುಗಳಾದವು. ಉಳಿದವರು ಎದ್ದು ನಿಂತರು. ಅವರಲ್ಲಿ ಕೆಲವರು ಸಾಲುಗಳ ನಡುವೆ ಹಾದುಹೋಗುತ್ತ ಏನನ್ನೋ ಕೊಟ್ಟರು, ಗಡಿಯಾರವೋ ಪರ್ಸೋ ಇರಬೇಕು, ಮನೆಗೆ ಮುಟ್ಟಿಸಿ ಎಂದು. ಕೊಟ್ಟವರು ಒಬ್ಬೊಬ್ಬರಾಗಿ ಏರಿ ಹತ್ತಿ ಗೂಡಿನ ಕಡೆ ಹೋದರು. ಮೈಕಿನ ರಾಗ ನಿಂತುಹೋಗಿತ್ತು.

ಒಬ್ಬ ಮಾತ್ರ ಎತ್ತ ಹೋಗುವುದೆಂದು ತೋಚದೆ ನಡುವೆ ನಿಂತಿದ್ದ. ಅತ್ತ ಏರಿ ನೋಡಿದ, ಇತ್ತ ಸಾಲು ನೋಡಿದ. ಕರ್ನಲ್ ಬಂದು ಅವನ ಹೆಗಲು ಹಿಡಿದು ಕೊನೆಯ ಸಾಲಿನ ಕಡೆಗೆ ತಳ್ಳಿದ. ಅಲ್ಲಿ ಆಗಲೇ ಹತ್ತು ಜನ ಇದ್ದರು. ಅವರು ಕೂತಲ್ಲೇ ಸ್ವಲ್ಪ ಸ್ವಲ್ಪ ಸರಿದು, ಅವನಿಗೆ ಜಾಗ ಮಾಡಿಕೊಟ್ಟರು.